ನಂಬಿಗಸ್ತಿಕೆಗೊಂದು ಕೆಂಪು ಗುರುತು

ಕಾಣಿಕೆ ಕೊಡಲು ಒಂದು ಆ್ಯಪ್ ಆರಿಸಬೇಕೆಂದು ನಮ್ಮ ಚರ್ಚಿನಲ್ಲಿ ತೀರ್ಮಾನವಾದಾಗ ನನಗೇನೂ ವಿರೋಧವಿರಲಿಲ್ಲ. ಸೊಪ್ಪು ಮಾರುವವರಿಗೂ ಫೋನಿನಲ್ಲೇ ದುಡ್ಡು ಕೊಡುವ ಕಾಲ. ಭಾನುವಾರ ಕಾಣಿಕೆ ಚೀಲ ಹತ್ತಿರ ಬಂದಾಗ ಜೇಬು ತಡಕಿ ನಾಚಿಕೊಳ್ಳುವವರು ಹೆಚ್ಚಾಗಿದ್ದರು. ವಿಮಾ ಕಚೇರಿಯಲ್ಲಿರುವವಳು, ಕಂಪ್ಯೂಟರ್ ಬಲ್ಲವಳು ಎಂದು ಪಾಸ್ಟರ್ ನನ್ನನ್ನು ಖಜಾಂಚಿಯವರ ಜೊತೆ ಆ ಕೆಲಸಕ್ಕೆ ಹಾಕಿದರು.

ನಮ್ಮ ಮನೆ ಇರುವುದು ಶಿವಮೊಗ್ಗದಲ್ಲಿ, ಕೋಟೆಯ ಹತ್ತಿರ, ಚರ್ಚು ಭದ್ರಾವತಿಯಲ್ಲಿ. ಮಾವ ಅಲ್ಲಿನ ಕಾರ್ಖಾನೆಯಲ್ಲಿದ್ದಾಗ ಸೇರಿದ ಸಭೆ ಅದು. ಅವರು ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆಗೇ ಇದ್ದಾರೆ. ಆದರೂ ಭಾನುವಾರ ಬೆಳಿಗ್ಗೆ ಅವರಿಗೆ ಭದ್ರಾವತಿಯ ಬಸ್ಸೇ ಆಗಬೇಕು. ಗಾಂಧಿ ಬಜಾರಿನ ಬಟ್ಟೆ ಅಂಗಡಿಯಿಂದ ಸೀರೆಗಳನ್ನು ತಂದು ಫಾಲ್ ಹೊಲಿದು ಕೊಡುತ್ತಾರೆ. ಕೈಗೆ ಬಂದ ಕೂಲಿಯಲ್ಲಿ ದೇವರ ಪಾಲೆಂದು ಹತ್ತರಲ್ಲೊಂದು ಭಾಗವನ್ನು, ದಶಮಾಂಶವನ್ನು, ಮೊದಲೇ ತೆಗೆದಿಟ್ಟು, ಸಣ್ಣಗೆ ಮಡಿಸಿ ಚೀಲಕ್ಕೆ ಹಾಕುತ್ತಾರೆ. ಎಷ್ಟೆಂದು ನನಗೆ ಗೊತ್ತಿಲ್ಲ, ಕೇಳಿಯೂ ಇಲ್ಲ.

ಆ್ಯಪ್ ಕಂಪನಿಯವನೊಬ್ಬ ಲ್ಯಾಪ್‌ಟಾಪ್ ಹಿಡಿದು ಬಂದ. ನಗುಮುಖ, ಬಾಯಿತುಂಬ ಮಾತು. ಯಾರು ಕೊಟ್ಟರು, ಯಾರು ಬಾಕಿ, ಯಾರದು ಹೋದ ವರ್ಷಕ್ಕಿಂತ ಕಡಿಮೆ, ಎಲ್ಲವೂ ಪರದೆಯ ಮೇಲೆ ಬಣ್ಣಬಣ್ಣವಾಗಿ ಬಂತು. ನಿವೃತ್ತ ಫೋರ್‌ಮನ್ ಆದ ನಮ್ಮ ಖಜಾಂಚಿ ಕಣ್ಣರಳಿಸಿದರು. "ನೋಡಿ ಸಿಸ್ಟರ್, ಒಂದು ಬಟನ್ ಒತ್ತಿದ್ರೆ ವರ್ಷದ ಲೆಕ್ಕ!"

"ಯಾರು ಕೊಡ್ಲಿಲ್ಲ ಅಂತ ನಮಗ್ಯಾಕೆ ಗೊತ್ತಾಗ್ಬೇಕು?" ಎಂದೆ.

"ಅದು ಬೇಕಾದ್ರೆ ಮಾತ್ರ ಮೇಡಂ, ಬೇಡ ಅಂದ್ರೆ ಆಫ್ ಮಾಡ್ಬಹುದು" ಎಂದ ಅವನು.

ಕೆಲವು ತಿಂಗಳು ಪರೀಕ್ಷೆಗೆ ಇಟ್ಟುಕೊಳ್ಳೋಣ ಎಂದಾಯಿತು. ಖಜಾಂಚಿ ಸದಸ್ಯರೆಲ್ಲರ ಫೋನ್ ನಂಬರನ್ನು ಅವನಿಗೆ ಕೊಟ್ಟುಬಿಟ್ಟರು. ಕೊಡಬಹುದಾ ಎಂದು ಆ ಸದಸ್ಯರಲ್ಲಿ ಒಬ್ಬರನ್ನೂ ಕೇಳಲಿಲ್ಲ. ಕೊಟ್ಟ ಸಂಗತಿ ನನಗೂ ಆಮೇಲೆ ತಿಳಿದದ್ದು.

ತಿಂಗಳಿಗೊಮ್ಮೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಭಾನುವಾರ ಬಂತು. ಒಂದೊಂದೇ ಸಾಲು ಎದ್ದು ಮುಂದೆ ಹೋಗಿ ಮೊಣಕಾಲೂರುತ್ತಿತ್ತು. ನಮ್ಮ ಸಾಲು ಎದ್ದಿತು, ಅತ್ತೆ ಏಳಲಿಲ್ಲ.

"ಕಾಲು ನೋವಾ ಅತ್ತೆ?"

"ಇಲ್ಲ. ನೀನು ಹೋಗಿ ಬಾ."

ಮನೆಗೆ ಬಂದು ಅತ್ತೆ ಸೀರೆ ಬದಲಿಸಿ, ತಮ್ಮ ಫೋನನ್ನು ನನ್ನ ಮುಂದೆ ಹಿಡಿದರು. ಓದಿದೆ. "ಪ್ರಿಯ ಸದಸ್ಯರೇ, ಈ ತಿಂಗಳು ನಿಮ್ಮ ನಂಬಿಗಸ್ತಿಕೆ ಕಡಿಮೆಯಾಗಿದೆ. ದೇವರ ಪಾಲನ್ನು ಇಂದೇ ಸಲ್ಲಿಸಿ." ಪಕ್ಕದಲ್ಲಿ ಒಂದು ಕೆಂಪು ಗುರುತು. ಕೆಳಗೆ ನಮ್ಮ ಪಾಸ್ಟರ ಹೆಸರು.

"ಪಾಸ್ಟರ್ ನನ್ನ ಕಳ್ಳಿ ಅನ್ಕೊಂಡ್ರೇನೆ?" ಎಂದರು ಅತ್ತೆ. "ನಿಮ್ಮಾವ ಆಸ್ಪತ್ರೇಲಿದ್ದಾಗ್ಲೂ ನಾನು ತಪ್ಪಿಸಿದವಳಲ್ಲ. ಹಿಂಗ್ ಬರೆಸ್ಕೊಂಡು ಯಾವ ಮುಖ ಇಟ್ಕೊಂಡು ರೊಟ್ಟಿಗೆ ಕೈ ಚಾಚ್ಲಿ?"

ನನ್ನ ಮೈ ಉರಿದುಹೋಯಿತು. ನಮ್ಮವರಲ್ಲಿ ನಂಬಿಗಸ್ತಿಕೆ ಎಂಬುದು ಹಗುರ ಮಾತಲ್ಲ. ಮಾವನ ಶವಪೆಟ್ಟಿಗೆಯ ಮುಂದೆ ನಿಂತು, ಇವರು ಕೊನೆತನಕ ದೇವರಿಗೆ ನಂಬಿಗಸ್ತರಾಗಿದ್ದರು ಎಂದು ಹಿಂದಿನ ಪಾಸ್ಟರು ಹೇಳಿದ ಮಾತದು. ಅದನ್ನು ಯಾವುದೋ ಊರಿನ ಯಂತ್ರ ಅಳೆದು ಕೆಂಪು ಬಳಿಯುವುದೇ? ಅಲ್ಲೇ ನಿಂತು ಕಂಪನಿಯವನಿಗೆ ಫೋನ್ ಮಾಡಿದೆ.

"ಕ್ಯಾಶ್ ಎಂಟ್ರಿ ಆಗಿರಲ್ಲ ಮೇಡಂ, ಅದಕ್ಕೆ ಸಿಸ್ಟಮ್ ಏನೂ ಕೊಟ್ಟಿಲ್ಲ ಅಂತ ತಗೊಂಡಿರುತ್ತೆ. ಆದ್ರೆ ಈ ಮೆಸೇಜಿಂದ ಬೇರೆ ಕಡೆ ಕಾಣಿಕೆ ಜಾಸ್ತಿ ಆಗಿದೆ."

"ನಂಬಿಗಸ್ತಿಕೆ ಅನ್ನೋ ಪದ ಹಾಕಿದ್ದು ಯಾರು?"

"ನಮ್ಮ ಕನ್ನಡ ಟೀಮ್ ಮೇಡಂ. ಚೆನ್ನಾಗಿಲ್ವಾ?"

ಫೋನಿಟ್ಟೆ.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಕಮಿಟಿ ಕೂತಾಗ ಅತ್ತೆಯ ಫೋನನ್ನು ಮೇಜಿನ ಮೇಲಿಟ್ಟು, ಜೋರಾಗಿ ಓದಿ ಎಂದು ಖಜಾಂಚಿಯವರಿಗೆ ಹೇಳಿದೆ. ಅವರು ಓದಿ, "ಒಂದು ಮೆಸೇಜಿಗೆ ಇಷ್ಟು ರಂಪ ಯಾಕೆ ಸಿಸ್ಟರ್? ಆಫ್ ಮಾಡಿದ್ರಾಯ್ತು" ಎಂದರು.

"ಆಫ್ ಮಾಡಕ್ಕೆ ಅದೇನು ಫ್ಯಾನಾ ಅಣ್ಣ? ನಮ್ಮತ್ತೆ ಕರ್ತನ ಭೋಜನಕ್ಕೆ ಏಳದೆ ಹಿಂದೆ ಉಳಿದ್ರು. ಅದನ್ನ ಯಾವ ಬಟನ್ ಒತ್ತಿ ಸರಿ ಮಾಡ್ತೀರಿ?"

ತಮ್ಮ ಹೆಸರಿನಲ್ಲಿ ಹೀಗೆ ಹೋಗುತ್ತಿದೆ ಎಂಬುದು ಪಾಸ್ಟರಿಗೇ ಗೊತ್ತಿರಲಿಲ್ಲ. ಇನ್ನು ಯಾರ್ಯಾರಿಗೆ ಹೋಗಿದೆ ಎಂದು ಕೇಳಿದರು. ಖಜಾಂಚಿ ತಡಕಾಡಿ ನೋಡಿದರು. ಚೀಲಕ್ಕೆ ನೋಟು ಹಾಕುವ ಎಲ್ಲರಿಗೂ ಹೋಗಿತ್ತು. ಗುತ್ತಿಗೆ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದವರಿಗೂ, ವಾರವಾರ ಡಯಾಲಿಸಿಸ್‌ಗೆ ಹೋಗುವ ಹೆಂಗಸಿಗೂ.

ಆ್ಯಪ್ ಬಿಟ್ಟೆವು. ಸದಸ್ಯರ ನಂಬರುಗಳನ್ನು ಅಳಿಸಿದ್ದೇವೆಂದು ಬರೆದುಕೊಡುವವರೆಗೆ ನಾನು ಆ ಕಂಪನಿಯನ್ನು ಬಿಡಲಿಲ್ಲ. ಸಭೆಯ ಬ್ಯಾಂಕ್ ಖಾತೆಯ ಕ್ಯೂಆರ್ ಕೋಡನ್ನು ಪ್ರಿಂಟ್ ಮಾಡಿಸಿ ಬಾಗಿಲ ಪಕ್ಕ ಅಂಟಿಸಿದೆವು. ಬೇಕಾದವರು ಸ್ಕ್ಯಾನ್ ಮಾಡುತ್ತಾರೆ, ಉಳಿದವರಿಗೆ ಚೀಲ ಇದ್ದೇ ಇದೆ. ಇಷ್ಟೇ ನಮಗೆ ಬೇಕಿದ್ದದ್ದು.

ಪಾಸ್ಟರು ಮನೆಗೆ ಬಂದರು. ಅತ್ತೆ ಕಾಫಿ ಕೊಟ್ಟು ಎದುರಿಗೆ ಕೂತರು.

"ಅಮ್ಮ, ಅದು ನಾನು ಕಳ್ಸಿದ್ದಲ್ಲ."

"ಸರಿ ಅಯ್ಯನೋರೇ. ಮತ್ತೆ ನಿಮ್ಮ ಹೆಸರು ಯಾಕೆ ಕೊಟ್ರಿ ಅವ್ರಿಗೆ?"

ಪಾಸ್ಟರು ತಲೆತಗ್ಗಿಸಿದರು. "ತಪ್ಪಾಯ್ತಮ್ಮ" ಎಂದರು. ಪ್ರಾರ್ಥನೆ ಮಾಡಿ ಹೋಗಿ ಎಂದಷ್ಟೇ ಅತ್ತೆ ಹೇಳಿದರು. ಮುಂದಿನ ತಿಂಗಳು ಭೋಜನಕ್ಕೆ ನನಗಿಂತ ಮೊದಲೇ ಎದ್ದು ಹೋದರು.

ಅವರ ನೋವು ಇಳಿಯಿತು, ನನ್ನ ಸಿಟ್ಟು ಇಳಿಯಲಿಲ್ಲ. ಮೊನ್ನೆ ಕಚೇರಿಯಲ್ಲಿ ಊಟಕ್ಕೆ ಕೂತಾಗ ಶಿವಮೊಗ್ಗದ ಬೇರೊಂದು ಸಭೆಯ ಗೆಳತಿ, ತಮ್ಮಲ್ಲಿ ಅದೇ ಆ್ಯಪ್ ತಂದಿದ್ದಾರೆ, ಬಲು ಚೆನ್ನಾಗಿದೆ ಎಂದಳು. ನಡೆದದ್ದನ್ನೆಲ್ಲ ಹೇಳಿದೆ. ಅವಳು ನಕ್ಕುಬಿಟ್ಟಳು.

"ಅಯ್ಯೋ, ರಿಮೈಂಡರ್ ತಾನೇ ಮಾರಾಯ್ತಿ! ಕರೆಂಟ್ ಬಿಲ್ಲಿಗೂ ಬರಲ್ವಾ?"

ಡಬ್ಬಿಯಲ್ಲಿ ಇನ್ನೂ ಅರ್ಧ ಅನ್ನವಿತ್ತು. ಮುಚ್ಚಳ ಹಾಕಿ ಎದ್ದೆ.