ಏಳನೇ ತಿಂಗಳ ಚೀಟಿ

ಬೇಕೇ ಬೇಕಾದದ್ದಾಗಿದ್ದರೆ ಸರ್ಕಾರದವರೇ ಕೊಡುತ್ತಿರಲಿಲ್ಲವೇ? ಬೇಡದ್ದಾಗಿದ್ದರೆ ಡಾಕ್ಟರು ಯಾಕೆ ಬರೆದರು?

ಆರು ದಿನದಿಂದ ಭಾನುಪ್ರಿಯಳ ತಲೆಯಲ್ಲಿ ಈ ಎರಡು ಪ್ರಶ್ನೆಗಳು ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದವು. ಹಲ್ಲುಜ್ಜುವಾಗ ಮೊದಲನೆಯದು ಬರುತ್ತಿತ್ತು, ಮುಖ ಒರೆಸಿಕೊಳ್ಳುವಷ್ಟರಲ್ಲಿ ಎರಡನೆಯದು ಹಾಜರು. ಅವಳಿಗೆ ಈಗ ಏಳು ತಿಂಗಳು. ಹೋದ ಗುರುವಾರ ಕನಕಪುರದ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಶೀಬಾ ಅವಳ ಹೊಟ್ಟೆ ಮುಟ್ಟಿ, ಬಿ.ಪಿ. ನೋಡಿ, ಎಲ್ಲ ಸರಿಯಾಗಿದೆ ಎಂದು ಹೇಳಿ, ಚೀಟಿಯಲ್ಲಿ ಕಬ್ಬಿಣದ ಮಾತ್ರೆಯ ಕೆಳಗೆ ಇನ್ನೊಂದು ಸಾಲು ಬರೆದಿದ್ದರು.

"ಇದು ಫ್ಲೂ ಇಂಜೆಕ್ಷನ್. ಮಳೆಗಾಲ ಅಲ್ವಾ, ಹಾಕಿಸ್ಕೊಂಡ್ರೆ ಒಳ್ಳೇದು. ಮನೇಲಿ ಮಾತಾಡ್ಕೊಂಡು ಬನ್ನಿ. ಏನೇ ಅನುಮಾನ ಇದ್ರೂ ಫೋನ್ ಮಾಡಿ" ಎಂದು ಚೀಟಿಯ ಹಿಂದೆ ನಂಬರನ್ನೂ ಬರೆದುಕೊಟ್ಟಿದ್ದರು.

ಭಾನು ತಲೆಯಾಡಿಸಿ ಎದ್ದು ಬಂದಿದ್ದಳು. ಕೇಳಬೇಕಾದ್ದು ಗಂಟಲವರೆಗೂ ಬಂದಿತ್ತು. ಆದರೆ ಬಾಗಿಲಾಚೆ ಇನ್ನೂ ಹದಿನೈದು ಜನ ಬಸುರಿಯರು ಸೊಂಟಕ್ಕೆ ಕೈಕೊಟ್ಟು ಕೂತಿದ್ದರು. ಅಷ್ಟು ಜನರನ್ನು ಕಾಯಿಸಿ ತನ್ನ ಪುಕ್ಕಲುತನವನ್ನು ಬಿಚ್ಚಿಡುವುದು ಹೇಗೆ? ಮನೆಗೆ ಬಂದವಳೇ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಬೀರುವಿನಲ್ಲಿ ಧಾರೆ ಸೀರೆಯ ಅಡಿಗೆ ತಳ್ಳಿದಳು.

ಮೊದಲಿಂದಲೂ ಅವಳು ಹೀಗೆಯೇ. ಹುಟ್ಟಿ ಬೆಳೆದದ್ದು ಬೆಂಗಳೂರಿನ ರಾಜಾಜಿನಗರ, ಓದಿದ್ದು ಬಿ.ಕಾಂ. ಪರೀಕ್ಷೆಗೆ ಎರಡು ಪೆನ್ನು ಸಾಲದೆಂದು ನಾಲ್ಕು ಒಯ್ಯುತ್ತಿದ್ದವಳು, ಬಸ್ಸಿನಲ್ಲಿ ಕೂತ ಮೇಲೂ ಕಂಡಕ್ಟರನ್ನು "ಇದು ಕನಕಪುರಕ್ಕೇ ಹೋಗುತ್ತಲ್ವಾ?" ಎಂದು ಎರಡೆರಡು ಸಲ ಕೇಳುವವಳು. ಮದುವೆಯಾಗಿ ಈ ರೇಷ್ಮೆ ಬೆಳೆಯುವ ಮನೆಗೆ ಬಂದು ಮೂರು ವರ್ಷವಾಯಿತು. ಮೊದಲ ತಿಂಗಳು ಹುಳುವನ್ನು ಕಂಡರೆ ಕಿರುಚುತ್ತಿದ್ದವಳು ಈಗ ಬರಿಗೈಯಲ್ಲಿ ಎತ್ತಿಡುತ್ತಾಳೆ. ಹೆದರಿಕೆ ಮಾತ್ರ ಹುಳುವನ್ನು ಬಿಟ್ಟು ಬೇರೆ ಬೇರೆ ಕಡೆ ಹೋಗಿ ಕೂತಿದೆ, ಅಷ್ಟೆ.

ಈ ಆರು ದಿನ ಅವಳು ಸುಮ್ಮನೆ ಕೂತಿರಲಿಲ್ಲ. ಮೊಬೈಲಿನಲ್ಲಿ ಹುಡುಕಿದಳು. ಒಂದು ಕಡೆ ಧಾರಾಳವಾಗಿ ಹಾಕಿಸಿಕೊಳ್ಳಿ ಎಂದಿತ್ತು. ಅದರ ಕೆಳಗೇ ಹೆಸರಿಲ್ಲದ ಯಾರೋ ಒಬ್ಬಳು ತನ್ನ ಅಕ್ಕನ ನಾದಿನಿಗೆ ಏನೋ ಆಯಿತೆಂದು ಬರೆದಿದ್ದಳು. ಮೊದಲನೆಯದನ್ನು ಒಂದು ಸಲ ಓದಿದಳು, ಎರಡನೆಯದನ್ನು ಒಂಬತ್ತು ಸಲ. ಅಮ್ಮನಿಗೆ ಫೋನ್ ಮಾಡಿದರೆ, ಮೂವತ್ತು ವರ್ಷ ಟೀಚರಾಗಿದ್ದ ಅಮ್ಮ, "ನಿನ್ನ ಹೆರೋವಾಗ ನಾನೇನ್ ಹಾಕಿಸ್ಕೊಂಡಿದ್ದೆ? ಇಲ್ಲದ್ದೆಲ್ಲ ಮೈಮೇಲೆ ಎಳ್ಕೋಬೇಡ ಪುಟ್ಟಿ" ಎಂದುಬಿಟ್ಟರು. ಊರಿನ ಆಶಾ ಕಾರ್ಯಕರ್ತೆ ಮಮತಾ ಮನೆಗೆ ಬಂದಾಗ ಮೆಲ್ಲಗೆ ಕೇಳಿದಳು. "ನಮ್ಮಲ್ಲಿ ಟಿ.ಟಿ. ಸೂಜಿ ಕೊಡ್ತೀವಿ ಅಕ್ಕ, ನಿಮ್ಗೂ ಕೊಟ್ಟಾಗೈತೆ. ಇದು ನಮ್ ಆಸ್ಪತ್ರೆಗೆ ಬಂದಿಲ್ಲ. ಹಂಗಂತ ಬ್ಯಾಡ ಅಂತಾನೂ ನಾನ್ ಹೇಳಕಿಲ್ಲ. ಡಾಕ್ಟ್ರುನ್ನೇ ಕೇಳಿ" ಎಂದಳು ಮಮತಾ. ಕೊನೆಗೆ ಗಂಡ ಅಶ್ವಥ್. ಅವನು ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತಾ, "ನೀನು ಓದಿರೋಳು ಕಣೇ, ನೀನು ಹೆಂಗೇಳ್ತೀಯೋ ಹಂಗೆ" ಎಂದು ನಕ್ಕ. ಓದಿದವಳ ಹೆಗಲ ಮೇಲೆ ಇಡೀ ಹೊರೆಯನ್ನು ಅಷ್ಟು ಪ್ರೀತಿಯಿಂದ ಇಳಿಸಿಬಿಟ್ಟ!

ಹಾಕಿಸಿಕೊಂಡು ಮಗುವಿಗೆ ಏನಾದರೂ ಆದರೆ ಕೈಯಾರೆ ತಾನೇ ಮಾಡಿದ ಹಾಗೆ. ಹಾಕಿಸಿಕೊಳ್ಳದೆ ಏನಾದರೂ ಆದರೂ ತಾನೇ.

ಉಳಿದವಳು ಅತ್ತೆ ಬೋರಮ್ಮ. ಅವಳ ಮುಂದೆ ಬಾಯಿ ಬಿಡುವ ಧೈರ್ಯವೇ ಇರಲಿಲ್ಲ. ಕೊರೊನಾ ಸೂಜಿ ಹಾಕಲು ಆರೋಗ್ಯ ಇಲಾಖೆಯ ಜೀಪು ಬಂದ ದಿನ ಬೋರಮ್ಮ ಸೊಪ್ಪಿನ ತೋಟದೊಳಗೆ ಅಡಗಿ ಕೂತವಳು ಜೀಪು ಊರು ದಾಟುವವರೆಗೂ ಎದ್ದಿರಲಿಲ್ಲ ಎಂಬ ಕಥೆಯನ್ನು ಮನೆಯಲ್ಲಿ ಇಂದಿಗೂ ಹೇಳಿಕೊಂಡು ನಗುತ್ತಾರೆ. ಅಂಥವಳ ಮುಂದೆ ಬಸುರಿ ಸೊಸೆ ಹೋಗಿ ಸೂಜಿಯ ಮಾತೆತ್ತುವುದೇ?

ಅದೂ ಅಲ್ಲದೆ ಬೋರಮ್ಮನ ಕಟ್ಟುನಿಟ್ಟು ಒಂದೆರಡಲ್ಲ. ಮೂವತ್ತೈದು ವರ್ಷದಿಂದ ಹುಳು ಸಾಕುತ್ತಿರುವವಳು. ಹುಳುಮನೆಯ ಬಾಗಿಲಲ್ಲಿ ಒಂದು ಬೇಸಿನ್ನಿನ ತುಂಬ ಬ್ಲೀಚಿಂಗ್ ನೀರು, ಅದರ ಪಕ್ಕ ನೆನೆಸಿದ ಗೋಣಿತಾಟು. ದೇವರೇ ಬಂದರೂ ಕೈಕಾಲು ಅದ್ದಿಕೊಂಡೇ ಒಳಗೆ ಹೋಗಬೇಕು. ಇನ್ನೊಬ್ಬರ ಹುಳುಮನೆಯಿಂದ ನೇರ ಬಂದವರಿಗೆ ಪ್ರವೇಶವಿಲ್ಲ. ಸೊಳ್ಳೆ ಬತ್ತಿ ಹಚ್ಚುವಂತಿಲ್ಲ. ಹೊಸ ಸೊಸೆಯಾಗಿ ಬಂದ ವಾರದಲ್ಲೇ ಭಾನು ಸೆಂಟು ಹಾಕಿಕೊಂಡು ಅಲ್ಲಿ ಇಣುಕಿದ್ದಕ್ಕೆ, "ಹೋಗವ್ವ, ಇನ್ನೊಂದ್ ಕಿತ ನೀರು ಹುಯ್ಕೊಂಡ್ ಬಾ, ನನ್ ಹುಳ ಮದ್ವೆ ಮನೆ ನೋಡಿಲ್ಲ" ಎಂದು ವಾಪಸು ಅಟ್ಟಿದ್ದಳು.

ಏಳನೆಯ ದಿನ ಬೆಳಿಗ್ಗೆ ಭಾನು ತನ್ನ ಕೋಣೆಯ ಬಾಗಿಲು ತೆಗೆದು ಕಾಲು ಹೊರಗಿಟ್ಟಳು. ಪಾದಕ್ಕೆ ತಣ್ಣಗೆ ಒದ್ದೆ ತಗುಲಿತು. ಬಗ್ಗಿ ನೋಡಿದರೆ ಹುಳುಮನೆಯ ಗೋಣಿತಾಟು. ಪಕ್ಕದಲ್ಲಿ ಅದೇ ನೀಲಿ ಬೇಸಿನ್ನು, ಅದೇ ಮೂಗಿಗೆ ಹೊಡೆಯುವ ವಾಸನೆ.

"ಅತ್ತೆ, ಇದ್ಯಾಕೆ ಇಲ್ಲಿಗೆ ಬಂತು?"

ಬೋರಮ್ಮ ಹಜಾರದಲ್ಲಿ ಕಾಲು ನೀಡಿಕೊಂಡು ಕೂತಿದ್ದಳು. ಅವಳು ಹಾಗೆ ಕೂರುವುದೇ ಅಪರೂಪ. ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಮೇವು ಬಿಟ್ಟು, ತಲೆಯೆತ್ತಿ ಅಲುಗಾಡದೆ ಇದ್ದು ಪೊರೆ ಕಳಚುವುದನ್ನು ಈ ಕಡೆ ಜ್ವರ ಎನ್ನುತ್ತಾರೆ. ಆ ಒಂದು ದಿನ ಸೊಪ್ಪು ಹಾಕುವ ಕೆಲಸವಿಲ್ಲ.

"ಇನ್ನೆಲ್ಲಿ ಮಡಗ್ಲಿ?" ಎಂದಳು ಬೋರಮ್ಮ. "ನಿಮ್ಮಾವ ನೆಂಟ್ರ ರೇಷ್ಮೆ ಗೂಡು ಮಾರ್ಸೋಕೆ ಅಂತ ರಾಮನಗರದ ಮಾರ್ಕೆಟ್ಟಿಗೆ ಹೋಗಿ ಅಲ್ಲಿದ್ದೋರ ಕೆಮ್ಮೆಲ್ಲಾ ಹೊತ್ಕೊಂಡು ಬಂದವ್ನೆ. ರಾತ್ರಿಯಿಂದ ಮೈ ಕೆಂಡ. ಜಗಲಿ ಮ್ಯಾಲೆ ಹಾಕಿವ್ನಿ. ನಾವು ಅತ್ತಿಂದಿತ್ತ ಓಡಾಡೋರು, ಕಾಲ್ ಅದ್ಕೊಂಡೇ ನಿನ್ನತ್ರ ಬರಾನ ಅಂತ ಮಡಗ್ದೆ."

ಜಗಲಿಯ ಮೇಲಿಂದ ಮಾವ ಹನುಮಂತಯ್ಯನ ದನಿ, ಕೆಮ್ಮಿನ ಸಮೇತ ಬಂತು. "ನೋಡವ್ವ ಭಾನು, ನಿಮ್ಮತ್ತೆ ನನ್ನೂ ಹುಳ ಮಾಡವ್ಳೆ. ಹುಳಕ್ಕಾದ್ರೆ ಹೊತ್ತೊತ್ತಿಗೆ ಸೊಪ್ಪು ಹಾಕ್ತಾಳೆ, ನಂಗೆ ಒಂದ್ ಲೋಟ ಕಾಪಿಗೂ ಗತಿ ಇಲ್ಲ."

"ಕುಡ್ದು ಅರ್ಧ ಗಂಟೆ ಆಗಿಲ್ಲ, ಸುಮ್ಕೆ ಮಲೀಕಳಯ್ಯ" ಎಂದು ಬೋರಮ್ಮ ಅಲ್ಲಿಂದಲೇ ಗದರಿದಳು.

ಭಾನುವಿಗೆ ನಗು ಬಂತು. ನಗುತ್ತಲೇ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಮಾವನಿಗೆ ಜ್ವರ. ಅದೇ ಕೆಮ್ಮು, ಅದೇ ಗಾಳಿ, ಅದೇ ಮನೆ.

"ಕೆಮ್ಮು ಕಾಲಿಂದ ಬರಲ್ಲ ಅತ್ತೆ. ಗಾಳೀಲಿ ಬರುತ್ತೆ."

ಬೋರಮ್ಮ ಬೇಸಿನ್ನಿನತ್ತ ತಿರುಗಿ ನೋಡಿದಳು. ಅವಳ ಮುಖದಲ್ಲಿ ಭಾನು ಎಂದೂ ಕಾಣದ ಒಂದು ಪೆಚ್ಚು ಕಂಡಿತು.

"ಹಂಗಾದ್ರೆ ಗಾಳಿಗೆ ಬೇಸಿನ್ ಎಲ್ಲಿ ಮಡಗ್ತಾರೆ, ನೀನೇ ಯೋಳವ್ವ."

ಭಾನು ಕೋಣೆಗೆ ಹೋಗಿ, ಧಾರೆ ಸೀರೆಯ ಅಡಿಯಿಂದ ಚೀಟಿ ತೆಗೆದುಕೊಂಡು ಬಂದು ಅತ್ತೆಯ ಪಕ್ಕದಲ್ಲಿ ಮೆಲ್ಲಗೆ ಕೂತಳು. ಓದಿ ಹೇಳಿದಳು. ಬೋರಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಚೀಟಿಯನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದಳು.

"ಎಷ್ಟ್ ದಿನ ಆತು ಬರ್ಕೊಟ್ಟು?"

"ಏಳನೇ ದಿನ ಇವತ್ತು."

"ಏಳ್ ದಿನ ಬಚ್ಚಿ ಮಡಗಿದ್ಯಾ? ನಾನೇನು ಹುಲಿನಾ?"

"ನೀವು ಬೈತೀರ ಅಂತ... ಸೂಜಿ ಅಂದ್ರೆ ನಿಮಗಾಗಲ್ಲ ಅಂತ..."

"ಸೂಜಿ ನಂಗೆ ಹಾಕ್ತೀನಿ ಅಂದ್ರೆ ಆಗಕಿಲ್ಲ. ನಿಂಗೆ ಹಾಕುದ್ರೆ ನಂಗೇನ್ ನೋವಾಯ್ತದಾ?" ಎಂದು ತಮಾಷೆ ಮಾಡಿದಳು. ಆದರೆ ಸೊಸೆಯ ಕಣ್ಣು ತುಂಬಿದ್ದನ್ನು ಕಂಡು ದನಿ ಇಳಿಸಿದಳು. "ಯೋಳು ಮಗ. ಏನೇನ್ ಐತೆ ತಲೇಲಿ, ಎಲ್ಲಾ ಯೋಳು."

ಭಾನು ಹೇಳಿದಳು. ಸರ್ಕಾರದವರು ಕೊಡದೇ ಇರುವುದು, ಅಮ್ಮ ಬೇಡವೆಂದದ್ದು, ಯಾರದೋ ಅಕ್ಕನ ನಾದಿನಿ, ಎಲ್ಲವನ್ನೂ. ಬೋರಮ್ಮ ಚೀಟಿಯ ಮಡಿಕೆಗಳನ್ನು ಹೆಬ್ಬೆರಳಿನಿಂದ ತೀಡಿ ನೇರ ಮಾಡುತ್ತಾ ಕೇಳಿಸಿಕೊಂಡಳು. ಆಮೇಲೆ ತಾನೇ ಶುರು ಮಾಡಿದಳು.

"ನಂದೊಂದ್ ಕಥೆ ಐತೆ, ಕೇಳು. ನಿನ್ ಗಂಡ ಆಗ ಒಂದ್ನೇ ಕ್ಲಾಸು. ಹುಳಕ್ಕೆ ರೋಗ ಬರ್ದಂಗೆ ಹಾಕೋ ಪೌಡರು ನಮ್ಮೂರ್ಗೆ ಆಗ ಹೊಸ್ದು. ರೇಷ್ಮೆ ಇಲಾಖೆಯೋರು ಮೀಟಿಂಗ್ ಮಾಡಿ ಹಂಚುದ್ರು. ಹೆಂಗೆ, ಯಾವಾಗ ಹಾಕ್ಬೇಕು ಅಂತ ಅವ್ರು ಹೇಳ್ತಾವ್ರೆ, ನಾನು ಹಿಂದ್ಗಡೆ ಕೂತಿವ್ನಿ, ಅರ್ಧಂಬರ್ಧ ಕೇಳುಸ್ತು. ಎದ್ದು ಇನ್ನೊಂದ್ ಕಿತ ಹೇಳಿ ಅನ್ನಕೆ ನಾಚ್ಕೆ. ಮುಂದ್ಗಡೆ ಎಲ್ಲಾ ಗಂಡಸ್ರು. ಮನೆಗೆ ಬಂದು, ಒಳ್ಳೇದು ತಾನೆ ಅಂತ, ಹುಳ ಜ್ವರಕ್ಕೆ ಕೂತಿದ್ದಾಗ್ಲೇ ಸುರ್ದ್‌ಬುಟ್ಟೆ. ಜ್ವರ ಎದ್ದ ಮ್ಯಾಕೆ ಹಾಕ್ಬೇಕಿತ್ತು. ಅರ್ಧ ಹುಳ ಎದ್ವು, ಅರ್ಧ ಏಳ್ಲೇ ಇಲ್ಲ."

"ಆಮೇಲೆ?"

"ಆಮ್ಯಾಕೇನು, ಪೌಡರೇ ಸರಿ ಇಲ್ಲ ಅಂತ ಊರೆಲ್ಲಾ ಯೋಳ್ಕೊಂಡ್ ಬಂದೆ. ಎರಡು ವರ್ಸ ಮುಟ್ಲಿಲ್ಲ. ಮೂರ್ನೇ ವರ್ಸ ಹಾಲುತೊಂಡೆ ರೋಗ ಬಂತು ನೋಡು. ಇನ್ನೇನು ಗೂಡು ಕಟ್ಬೇಕು, ಅಂಥ ಹುಳ ಊದ್ಕೊಂಡು ಊದ್ಕೊಂಡು ಒಡುದ್ವು. ಬುಟ್ಟೀಲಿ ಹೊತ್ಕೊಂಡೋಗಿ ಗುಂಡೀಗ್ ಹಾಕ್ದೆ. ಹಾಕ್ಬುಟ್ಟು ಅಲ್ಲೇ ಗುಂಡಿ ಅಂಚ್ನಾಗೆ ಕುಂತುಬುಟ್ಟೆ, ಮನೆಗೆ ಬರಕೆ ಕಾಲೇ ಬರ್ಲಿಲ್ಲ." ಬೋರಮ್ಮ ಚೀಟಿಯನ್ನು ತೊಡೆಯ ಮೇಲೆ ಹರವಿದಳು. "ಪೌಡರ್ದೇನೂ ತಪ್ಪಿರ್ಲಿಲ್ಲ ಕಣವ್ವ. ನಾನು ಕೇಳ್ಲಿಲ್ಲ, ಅಷ್ಟೇಯ."

ಭಾನುವಿಗೆ ಕ್ಲಿನಿಕ್ಕಿನ ಹೊರಗೆ ಕೂತಿದ್ದ ಹದಿನೈದು ಬಸುರಿಯರು ನೆನಪಾದರು.

"ಈ ಸೂಜಿ ಏಳ್ನೇ ತಿಂಗ್ಳಾಗೆ ಹಾಕ್ಬೋದಾ, ಒಂಬತ್ರಾಗೆ ಹಾಕ್ಬೇಕಾ? ಮನೇಲಿ ಜ್ವರದೋರು ಇದ್ರೆ ಹಾಕ್ಬೋದಾ? ಇದ್ನ ಕೇಳುದ್ಯಾ?"

"ಇಲ್ಲ."

"ಮತ್ತೆ ಯಾರ್‍ಯಾರ್ನ ಕೇಳ್ದೆ?"

"ಅಮ್ಮನ್ನ, ಮಮತಾನ, ಇವ್ರನ್ನ... ಗೂಗಲ್ನ."

"ಸರಿ ಹೋಯ್ತು. ಬರ್ದೋರ್ನ ಬುಟ್ಟು ಊರೋರ್ನೆಲ್ಲಾ ಕೇಳವ್ಳೆ ನಮ್ ಬಿ.ಕಾಂ.!" ಬೋರಮ್ಮ ಚೀಟಿಯನ್ನು ತಿರುಗಿಸಿ ಹಿಂದಿನ ನಂಬರನ್ನು ಮೇಲೆ ಮಾಡಿ ಸೊಸೆಯ ತೊಡೆಯ ಮೇಲಿಟ್ಟಳು. "ಮಾಡು. ನಾನಿಲ್ಲೇ ಕುಂತಿವ್ನಿ."

ಭಾನು ಮೊದಲು ಕೇಳಬೇಕಾದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡಳು. ಹನ್ನೊಂದು ಪ್ರಶ್ನೆಗಳಾದವು. ನಂಬರು ಒತ್ತಿದಳು, ಕಟ್ ಮಾಡಿದಳು. "ಬಿಜಿ ಇರ್ತಾರೇನೋ ಅತ್ತೆ" ಎಂದಳು. ಬೋರಮ್ಮ ಎಲೆ ಅಡಿಕೆಯ ಚೀಲ ಬಿಚ್ಚಿಕೊಂಡು, ಇದು ಮುಗಿಯುವವರೆಗೂ ಏಳುವವಳಲ್ಲ ಎಂಬಂತೆ ಗೋಡೆಗೆ ಒರಗಿದಳು. ಭಾನು ಮತ್ತೆ ಒತ್ತಿದಳು. ಮೂರನೆಯ ರಿಂಗಿಗೆ ಡಾಕ್ಟರ್ ಶೀಬಾ ಎತ್ತಿಕೊಂಡರು.

"ಡಾಕ್ಟ್ರೇ, ನಾನು ಭಾನುಪ್ರಿಯ... ಹೋದ ಗುರುವಾರ ಬಂದಿದ್ದೆ. ಒಂದು ನಾಲ್ಕು ಡೌಟ್ ಇತ್ತು. ಟೈಮ್ ಇದ್ಯಾ?"

"ನಾಲ್ಕು!" ಎಂದು ಬೋರಮ್ಮ ಪಿಸುಗುಟ್ಟಿದಳು. "ಹನ್ನೊಂದ್ ಬರ್ದವ್ಳೆ."

ಭಾನು ಸ್ಪೀಕರ್ ಹಾಕಿದಳು. ಡಾಕ್ಟರು ಆತುರಪಡಲಿಲ್ಲ. ಬಸುರಿಯರು ಈ ಇಂಜೆಕ್ಷನ್ ಅನ್ನು ಯಾವ ತಿಂಗಳಲ್ಲಾದರೂ ತೆಗೆದುಕೊಳ್ಳಬಹುದು ಎಂದರು. ಅದರಲ್ಲಿ ಜೀವಂತ ವೈರಸ್ ಇಲ್ಲ, ಅದರಿಂದ ಫ್ಲೂ ಬರುವುದಿಲ್ಲ; ಒಂದೆರಡು ದಿನ ತೋಳು ನೋಯಬಹುದು, ಮೈ ಕೈ ಸ್ವಲ್ಪ ಭಾರ ಅನಿಸಬಹುದು. ಅದು ಕೆಲಸ ಶುರು ಮಾಡಲು ಎರಡು ವಾರ ಬೇಕು, ಆದ್ದರಿಂದ ಬೇಗ ಹಾಕಿಸಿಕೊಂಡಷ್ಟೂ ಒಳ್ಳೆಯದು. ತಾಯಿಗೆ ಸಿಕ್ಕ ರಕ್ಷಣೆಯಲ್ಲಿ ಒಂದು ಪಾಲು ಹುಟ್ಟಿದ ಮಗುವಿಗೂ ಮೊದಲ ಕೆಲವು ತಿಂಗಳು ಇರುತ್ತದೆ. ಸರ್ಕಾರ ಹಂಚುವ ಪಟ್ಟಿಯಲ್ಲಿ ಇಲ್ಲ ಎಂದ ಮಾತ್ರಕ್ಕೆ ಬೇಡ ಎಂದು ಯಾರೂ ಹೇಳಿದಂತಲ್ಲ.

"ಈಗ ನಿಮಗೆ ಜ್ವರ ಇದ್ಯಾ? ಮುಂಚೆ ಯಾವುದಾದ್ರೂ ಇಂಜೆಕ್ಷನ್‌ಗೆ ಅಲರ್ಜಿ ಆಗಿತ್ತಾ?"

"ಇಲ್ಲ ಡಾಕ್ಟ್ರೇ. ಆದ್ರೆ ಮಾವನಿಗೆ ನಿನ್ನೆಯಿಂದ ಜ್ವರ, ಕೆಮ್ಮು."

"ಅವರನ್ನ ಇವತ್ತೇ ತೋರಿಸಿ. ಮಾಸ್ಕ್ ಹಾಕ್ಕೊಳ್ಲಿ, ನೀವು ದೂರ ಇರಿ, ಕಿಟಕಿ ತೆಗೆದಿಡಿ. ನಿಮಗೇನಾದ್ರೂ ಮೈ ಬಿಸಿ ಆದ್ರೆ ನೋಡೋಣ ಅಂತ ಕಾಯ್ಬೇಡಿ, ಆ ದಿನಾನೇ ಬನ್ನಿ."

ಹಾಳೆಯಲ್ಲಿ ಕೊನೆಯ ಸಾಲು ಉಳಿದಿತ್ತು. ಭಾನು ಅದನ್ನು ಬೆರಳಿನಿಂದ ಮುಚ್ಚಿ, ಮತ್ತೆ ತೆಗೆದಳು. "ಮಗುಗೆ ಏನೂ ಆಗಲ್ಲ ಅಂತ... ಗ್ಯಾರಂಟಿನಾ ಡಾಕ್ಟ್ರೇ?"

"ಗ್ಯಾರಂಟಿ ಅನ್ನೋ ಮಾತನ್ನ ನಾನು ಯಾವುದಕ್ಕೂ ಹೇಳಲ್ಲಮ್ಮ. ಆದ್ರೆ ತುಂಬಿದ ಬಸುರಿಗೆ ಫ್ಲೂ ಜೋರಾಗಿ ಬಂದ್ರೆ ಏನಾಗುತ್ತೆ ಅಂತ ನೋಡಿದೀನಿ. ಅದಕ್ಕೇ ನನ್ನ ಮಗಳು ಹೊಟ್ಟೇಲಿದ್ದಾಗ ನಾನೂ ಹಾಕಿಸ್ಕೊಂಡೆ. ಈಗ ಅವಳು ಮೂರನೇ ಕ್ಲಾಸು, ಬಾಯಿ ಮುಚ್ಚಲ್ಲ."

ಭಾನು ಉಸಿರು ಬಿಟ್ಟಳು. ಆರು ದಿನದಿಂದ ಹಿಡಿದಿಟ್ಟಿದ್ದ ಉಸಿರು. "ನಾಳೆ ಬರ್ತೀನಿ ಡಾಕ್ಟ್ರೇ."

"ಒಸಿ ಇಲ್ಲಿ ಕೊಡು" ಎಂದು ಬೋರಮ್ಮ ಕೈ ಚಾಚಿದಳು. ಫೋನನ್ನು ಆರತಿ ತಟ್ಟೆಯಂತೆ ಮುಖದ ಮುಂದೆ ಹಿಡಿದುಕೊಂಡು, ಕನಕಪುರಕ್ಕೆ ನೇರ ಕೇಳಿಸಲಿ ಎಂಬಷ್ಟು ಜೋರಾಗಿ ಮಾತಾಡಿದಳು. "ಡಾಕ್ಟ್ರಮ್ಮ, ನಾನು ಇವಳ ಅತ್ತೆ. ನಾಳೀಕೆ ನಾನೇ ಕರ್ಕೊಂಡ್ ಬತ್ತೀನಿ. ಹುಳ ಜ್ವರ ಎದ್ರೆ ನನ್ ಮಗ ನೋಡ್ಕತಾನೆ. ಮತ್ತೆ... ಈ ಸೂಜಿ ನಮ್ಮಂಥ ಮುದುಕೀರ್ಗೂ ಹಾಕ್ತಾರಾ? ನಾಳೆ ಕೂಸು ಬಂದ್ರೆ ಎತ್ಕಳೋಳು ನಾನಲ್ವಾ?"

ಜಗಲಿಯ ಮೇಲೆ ಕೆಮ್ಮು ಥಟ್ಟನೆ ನಿಂತಿತು. "ಏನಂದ್ಲು? ಯಾರ್ಗೆ ಸೂಜಿ?" ಎಂದು ಹನುಮಂತಯ್ಯ ಎದ್ದು ಕೂತ ಸದ್ದಾಯಿತು.

ಬೋರಮ್ಮ ಆ ಕಡೆ ತಿರುಗಲಿಲ್ಲ. ಡಾಕ್ಟರು ಹೇಳುತ್ತಿದ್ದುದಕ್ಕೆಲ್ಲ "ಆಯ್ತು ಕಣವ್ವ, ಆಯ್ತು" ಎನ್ನುತ್ತಿದ್ದಳು. ಫೋನ್ ಹಿಡಿದಿದ್ದವಳ ದನಿಯಲ್ಲಿ ಅಳುಕಿರಲಿಲ್ಲ. ಇನ್ನೊಂದು ಕೈ ಮಾತ್ರ ಸೊಸೆಯ ಮಣಿಕಟ್ಟನ್ನು, ಬಳೆಗಳ ಸಮೇತ, ಬಿಗಿಯಾಗಿ ಹಿಡಿದುಕೊಂಡಿತ್ತು.