ಮಿಡ್‌ಫೀಲ್ಡ್ ಆಫೀಸರ್

ಅದು ತೊಂಬತ್ತರ ದಶಕದ ನಡುವೆಯೋ ಕೊನೆಗೋ, ಖಾತ್ರಿಯಿಲ್ಲ. ಹುಡುಗಿಯ ಮನೆಯಲ್ಲಿ ಕೊಟ್ಟದ್ದು ಕಾಫಿಯೋ ಜ್ಯೂಸೋ, ಅದೂ ಮರೆತಿದೆ. (ಡೈರಿಯಲ್ಲಿ ಬರೆಯದ ದಿನಗಳೇ ನನಗೆ ಚೆನ್ನಾಗಿ ನೆನಪಿರುತ್ತವೆ. ಹಾಗಾಗಿ ಪೂರ್ತಿ ನಂಬಬೇಡಿ.)

ನಾವು ಬಂಟ್ವಾಳದಿಂದ ಪುಂಜಾಲಕಟ್ಟೆಗೆ ಹೋಗಿದ್ದೆವು, ಸದಾನಂದ ಮಾವನಿಗೆ ಹೆಣ್ಣು ನೋಡಲು. ಮಾವ ಸಂಬಳಕ್ಕೆ ಫುಟ್‌ಬಾಲ್ ಆಡುವವರು. ಬೆಂಗಳೂರು, ಗೋವಾ, ಕಲ್ಕತ್ತಾ, ವರ್ಷಕ್ಕೊಂದು ಕ್ಲಬ್. ಅವರು ಬಂದರೆಂದು ಯಾವ ಟೀಮೂ ಗೆಲ್ಲಲಿಲ್ಲ, ಹೋದರೆಂದು ಸೋಲಲೂ ಇಲ್ಲ. ಮೈದಾನದ ನಡುವೆ ಚೆಂಡು ಕಿತ್ತು ಇನ್ನೊಬ್ಬನಿಗೆ ಕೊಡುವುದು ಅವರ ಕೆಲಸ. ಪೇಪರಿನಲ್ಲಿ ಫೋಟೋ ಬರುವುದು ಆ ಇನ್ನೊಬ್ಬನದು. ಇಂಥವರಿಗೆ ಯಾರು ಹೆಣ್ಣು ಕೊಡುತ್ತಾರೆ? ಆಗಲೇ ಮೂರು ಸಂಬಂಧ ತಪ್ಪಿತ್ತು.

"ಹುಡುಗನಿಗೆ ಎಂತ ಕೆಲಸ?" ಹುಡುಗಿಯ ಅಪ್ಪ ಕೇಳಿದರು.

ಮಾವನ ಬದಲು ನಮ್ಮ ಅಜ್ಜಿಯೇ ಮುಂದೆ ಬಿದ್ದು ಹೇಳಿದರು. "ವರ್ಷ ವರ್ಷ ಟ್ರಾನ್ಸ್‌ಫರ್ ಮಾರಾಯ್ರೆ. ಒಂದು ಊರಲ್ಲಿ ನಿಲ್ಲಿಕ್ಕೆ ಬಿಡುದಿಲ್ಲ."

ಹುಡುಗಿಯ ಅಪ್ಪನ ಮುಖ ಅರಳಿತು. ನಮ್ಮ ಕಡೆ ಟ್ರಾನ್ಸ್‌ಫರ್ ಅಂದರೆ ಮತ್ತೇನು? "ಓ, ಬ್ಯಾಂಕಾ! ಯಾವ ಸೆಕ್ಷನ್?"

"ಮಿಡ್‌ಫೀಲ್ಡ್," ಅಂದರು ಮಾವ.

"ಫೀಲ್ಡ್ ಆಫೀಸರ್! ನಮ್ಮ ಗದ್ದೆ ನೋಡ್ಲಿಕ್ಕೂ ಬ್ಯಾಂಕಿನಿಂದ ಒಬ್ಬರು ಬರ್ತಾರೆ."

ಮಾವ ಬಾಯಿ ತೆರೆದರು. ಅಜ್ಜಿ ತೊಡೆ ಚಿವುಟಿದರು. ಬಾಯಿ ಮುಚ್ಚಿತು.

ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಮಾವ ಅಂದೇಬಿಟ್ಟರು: "ಬ್ಯಾಂಕಲ್ಲ. ನಾನು ಫುಟ್‌ಬಾಲ್ ಆಡುವುದು."

"ಆಡಿ, ಆರೋಗ್ಯಕ್ಕೆ ಒಳ್ಳೇದು. ಕೆಲಸ?"

"ಅದೇ ಕೆಲಸ."

ಅವರು ಮಾವನ ಕಾಲುಗಳನ್ನೇ ನೋಡುತ್ತಾ ನಿಂತರು. ಆದರೂ ಮದುವೆ ಆಯಿತು, ಹುಡುಗಿ ಹೂಂ ಅಂದದ್ದರಿಂದ. ಆಮೇಲೆ ಆ ಹುಡುಗಿ, ಅಂದರೆ ನಮ್ಮ ಲಲಿತತ್ತೆ, ಆರು ಊರಲ್ಲಿ ಆರು ಮನೆ ಹೂಡಿದರು. ಎರಡು ಸಾವಿರದ ಇಸವಿ ದಾಟಿದ ಮೇಲೆ ಮಾವನ ಮೊಣಕಾಲು ಕೈಕೊಟ್ಟಿತು. (ಕಾಲು ಕೈಕೊಡುವುದು! ರೆಫರಿ ನೋಡಿದ್ದರೆ ಹ್ಯಾಂಡ್‌ಬಾಲ್.) ಈಗ ಮೂಡಬಿದಿರೆಯಲ್ಲಿದ್ದಾರೆ, ಟ್ರಾನ್ಸ್‌ಫರ್ ಇಲ್ಲದೆ.

ಮೊನ್ನೆ ಭಾನುವಾರ ಅಲ್ಲಿಗೆ ಹೋಗಿದ್ದೆ. "ನಾನು ಸತ್ಯ ಹೇಳಿದ್ದಕ್ಕೇ ಇವಳು ಒಪ್ಪಿದ್ದು, ಗೊತ್ತುಂಟಾ?" ಎಂದು ಮಾವ ಎದೆಯುಬ್ಬಿಸಿದರು. ಆಡಿದಷ್ಟೂ ದಿನ ಅವರ ಹೆಸರಿಗೆ ಬಂದ ಗೆಲುವು ಅದೊಂದೇ. ಆದರೆ ಅವತ್ತು ಬಾಗಿಲ ಬಳಿ ನಿಂತಿದ್ದ ಹುಡುಗಿಯ ತಲೆ, ಅವಳಪ್ಪ "ಫೀಲ್ಡ್ ಆಫೀಸರ್" ಅನ್ನುವಾಗಲೇ ಹೂಂ ಎಂದು ಅಲ್ಲಾಡಿದ ಹಾಗೆ ನನಗೆ ನೆನಪು. (ನನ್ನ ನೆನಪು! ಗೊತ್ತಲ್ಲ.)

ಸುಮ್ಮನಿರಬೇಕಿತ್ತು. ಮಾವನ ಎದುರೇ ಅತ್ತೆಯನ್ನು ಕೇಳಿಬಿಟ್ಟೆ. ಅತ್ತೆ ಬಸಳೆ ಹೆಚ್ಚುತ್ತಲೇ ಇದ್ದರು. ನಿನ್ನೆ ಮಾವ ಫೋನ್ ಮಾಡಿ, "ನಿನ್ನ ಹತ್ರ ಏನಾದ್ರೂ ಹೇಳಿದ್ಲಾ?" ಎಂದು ಮೆಲ್ಲಗೆ ವಿಚಾರಿಸಿದರು.

ನಾನು ಕೇಳಿದ್ದು ಇಷ್ಟೇ: "ಅತ್ತೆ, ನೀವು ಹೂಂ ಅಂದದ್ದು ಮಾವ ನಿಜ ಹೇಳಿದ ಮೇಲೋ, ಮೊದಲೋ?"