ಐದು ಔನ್ಸಿನ ಚೀಲ

ಆರ್ಡೆತ್ ಪಿಂಕಮ್‌ಗೆ ಸಿಟ್ಟು ಬಂದದ್ದನ್ನು ಚಾಲಿಸ್ ಊರು ನೋಡಿದ್ದು ಒಂದೇ ಸಲ. ಇಪ್ಪತ್ತೇಳು ವರ್ಷ ಶಾಲೆಯ ಬಸ್ಸು ಓಡಿಸಿದ ಹೆಂಗಸು ಆಕೆ. ಬೆನ್ನ ಹಿಂದೆ ನಲವತ್ತು ಮಕ್ಕಳು ಕಿರುಚಾಡುತ್ತಿದ್ದರೂ ಹಿಮಗಟ್ಟಿದ ತಿರುವಿನಲ್ಲಿ ಅವಳ ಕೈ ಅಲುಗಿದ್ದಿಲ್ಲ. ಅಂಥವಳು ಕೆಂಡವಾದದ್ದು ಐದು ಔನ್ಸಿನ ಒಂದು ಬಟ್ಟೆ ಚೀಲಕ್ಕೆ. ಐದು ಔನ್ಸೆಂದರೆ ಎಷ್ಟು? ಒಂದು ನಿಂಬೆಹಣ್ಣು, ಅದರ ಜೊತೆಗೆರಡು ಮೊಟ್ಟೆ, ಅಷ್ಟೇ.

ಬೆಟ್ಟದ ಕಾಡುಟಗರನ್ನು ಬೇಟೆಯಾಡಬೇಕೆಂದರೆ ಸರ್ಕಾರ ಎತ್ತುವ ಚೀಟಿಯಲ್ಲಿ ಹೆಸರು ಬರಬೇಕು. ಆರ್ಡೆತ್ ಇಪ್ಪತ್ತೆರಡು ವರ್ಷ ಬಿಡದೆ ಅರ್ಜಿ ಹಾಕಿದ್ದಳು. ಅರವತ್ತೊಂದನೇ ವಯಸ್ಸಿನಲ್ಲಿ, ಬಸ್ಸಿನ ಗಾಜು ಒರೆಸುತ್ತಿದ್ದಾಗ ಸುದ್ದಿ ಬಂತು. ಒಂದು ಟಗರು. ಜನ್ಮಕ್ಕೊಂದೇ.

ಊರೆಲ್ಲ ಕುಣಿಯಿತು. ಆರ್ಡೆತ್ ಮಾತ್ರ ಕುಣಿಯಲಿಲ್ಲ. ಹದಿನಾರು ವರ್ಷದವಳಿದ್ದಾಗ ಅವಳು ಒಂದು ಜಿಂಕೆಗೆ ಗುಂಡು ಹಾರಿಸಿದ್ದಳು. ಕೋವಿಯನ್ನು ಇಟ್ಟಿದ್ದ ಮರದ ದಿಮ್ಮಿ ಅಲುಗಿ ಗುಂಡು ಹೊಟ್ಟೆಗೆ ಬಿತ್ತು. ಎರಡು ದಿನ ರಕ್ತದ ಹನಿಗಳ ಜಾಡು ಹಿಡಿದು ನಡೆದಳು, ಜಿಂಕೆ ಸಿಗಲೇ ಇಲ್ಲ. ಅಪ್ಪ ಬೈಯಲಿಲ್ಲ. ಕೋವಿಯನ್ನು ಗೋಡೆಗೆ ನೇತುಹಾಕಿ ಎರಡು ವರ್ಷ ಮುಟ್ಟಗೊಡಲಿಲ್ಲ. ಗುರಿ ಗಟ್ಟಿಯಾಗಿ ನಿಂತರೆ ಹೊಡೆಯಬೇಕು, ಇಲ್ಲದಿದ್ದರೆ ಎದ್ದು ಬರಬೇಕು ಎಂದು ಅವಳು ಆಗ ಮಾಡಿಕೊಂಡ ನಿಯಮವನ್ನು ಒಮ್ಮೆಯೂ ಮುರಿದಿರಲಿಲ್ಲ.

ಕೋವಿಯ ಮೂತಿಯ ಕೆಳಗೆ ಊರಲು ಎರಡು ಕಾಲಿನ ಕೋಲಿದೆ. ಅದರ ಬಗ್ಗೆ ಊರಿನ ಗಂಡಸರು ಗಂಟೆಗಟ್ಟಲೆ ಮಾತಾಡುತ್ತಾರೆ. ಆದರೆ ನಡುಕ ಹುಟ್ಟುವುದು ಹಿಂದೆ, ಕೋವಿಯ ಬುಡದಲ್ಲಿ, ಬೇಟೆಗಾರನ ಎದೆ ಬಡಿಯುವ ಜಾಗದಲ್ಲಿ. ಅಲ್ಲಿ ಬುಡಕ್ಕೆ ಆನಿಸಲು ಒಂದು ಪುಟ್ಟ ಚೀಲ ಬೇಕು. ಅದನ್ನು ಕೊಳ್ಳಲು ಗಂಡ ವರ್ಲ್‌ನ ಜೊತೆ ಬೇಟೆ ಸಾಮಾನಿನ ಅಂಗಡಿಗೆ ಹೋದರೆ, ಅಂಗಡಿಯವನು ಅವಳ ಕಡೆ ತಿರುಗಿಯೂ ನೋಡದೆ ವರ್ಲ್‌ಗೇ ಎಲ್ಲ ವಿವರಿಸಲು ಶುರುಮಾಡಿದ.

"ನನ್ ಮುಖ ನೋಡ್ಬೇಡಪ್ಪ," ಎಂದ ವರ್ಲ್. "ನಂಗೆ ಮನೆ ಮೆಟ್ಲು ಹತ್ತೋಕೇ ಮಂಡಿ ಬಿಡಲ್ಲ. ಟಗರು ಅವಳ್ದು."

"ಓ, ಮೇಡಮ್‌ಗಾ! ಹಾಗಾದ್ರೆ ಗುಲಾಬಿ ಬಣ್ಣದ್ದೂ ಇದೆ."

"ಟಗರಿಗೆ ಗುಲಾಬಿ ಇಷ್ಟ ಅಂತ ನಿಂಗೆ ಹೇಳ್ತಾ?" ಎಂದಳು ಆರ್ಡೆತ್.

ಮೂರು ಚೀಲ ತಂದು ಬಸ್ ಶೆಡ್ಡಿನ ನೆಲದ ಮೇಲೆ ಬೋರಲು ಮಲಗಿ ಪರೀಕ್ಷೆ ಮಾಡಿದಳು. ಮರಳಿನದು ಬಂಡೆಯಂತೆ ನಿಂತಿತು, ಆದರೆ ಅದನ್ನು ಹೊತ್ತು ಬೆಟ್ಟ ಹತ್ತಲು ಕತ್ತೆ ಬೇಕು. ಗಾಳಿ ಊದುವುದು ಗರಿಯಷ್ಟು ಹಗುರ, ಆದರೆ ಮುಟ್ಟಿದರೆ ಚಿಪ್ಸ್ ಪೊಟ್ಟಣದಂತೆ ಚರಚರ ಎನ್ನುತ್ತದೆ, ಉಸಿರಾಡಿದರೆ ಪುಟಿಯುತ್ತದೆ. ಮೂರನೆಯದು ಅವಳ ಕೈಗೆ ದೊಡ್ಡದಾಯಿತು. ಕೊನೆಗೆ ವರ್ಲ್‌ನ ಹಳೇ ಗುಡಾರದ ಕ್ಯಾನ್ವಾಸ್ ಕತ್ತರಿಸಿ, ಸಬ್ಬಕ್ಕಿಯಂಥ ಪ್ಲಾಸ್ಟಿಕ್ ಮಣಿ ಮುಕ್ಕಾಲು ಭಾಗ ತುಂಬಿ ತಾನೇ ಹೊಲಿದಳು. ತೂಗಿದರೆ ಐದು ಔನ್ಸು. ಪೂರ್ತಿ ತುಂಬಿದರೆ ಹಿಂಡಲು ಬರುವುದಿಲ್ಲ. ಎಡಗೈ ಮುಷ್ಟಿ ಬಿಗಿದರೆ ಕೋವಿಯ ಬುಡ ಏರಿ ಮೂತಿ ಕೂದಲೆಳೆಯಷ್ಟು ಇಳಿಯಬೇಕು, ಸಡಿಲಿಸಿದರೆ ಏರಬೇಕು. ಬೇಸಿಗೆಯಿಡೀ ಹಿಂಡಿ ಹಿಂಡಿ ಕೈಗೆ ಪಾಠವಾಯಿತು.

ಇನ್ನು ರೂಲನ್. ವರ್ಲ್‌ನ ತಮ್ಮ, ಬೆಟ್ಟ ಬಲ್ಲವನು. ಟಗರಿನ ಮಾಂಸ ಹೊರಲು ಜೊತೆಗೆ ಬರುತ್ತೇನೆಂದು ತಾನೇ ಒಪ್ಪಿಕೊಂಡವನು. ಅವನಿಗೆ ಹಗುರದ ಹುಚ್ಚು. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸಿದ್ದ. ನಕ್ಷೆಯ ಅಂಚು ಕತ್ತರಿಸಿದ್ದ. ಚಡ್ಡಿಗೆ ಹೊಲಿದಿದ್ದ ಕಂಪನಿಯ ಚೀಟಿಯನ್ನೂ ಬಿಟ್ಟಿರಲಿಲ್ಲ. ಬೆಟ್ಟದ ಬುಡದಲ್ಲಿ, ಹತ್ತುವ ಮುನ್ನ, ಮೀನು ತೂಗುವ ಕೊಕ್ಕೆಗೆ ಎಲ್ಲರ ಬೆನ್ನುಚೀಲ ನೇತುಹಾಕಿ ತೂಗುವುದು ಅಲ್ಲಿನ ಬೇಟೆಗಾರರ ವಾಡಿಕೆ. ಆರ್ಡೆತ್ ನದಿಯಲ್ಲಿ ನೀರು ತುಂಬಿಸಿಕೊಂಡು ಬರುವಷ್ಟರಲ್ಲಿ ರೂಲನ್ ತೂಕ ಮುಗಿಸಿ ಹಲ್ಲು ಕಿರಿಯುತ್ತಿದ್ದ.

"ನಿಮ್ ಬೆನ್ನುಚೀಲಾನ ನಲವತ್ತು ಪೌಂಡಿಗೆ ತಂದಿದೀನಿ ಅತ್ತಿಗೆ. ಹೂವಿನ ಹಾಗೆ ಹತ್ತಿ!"

ಹೇಗೆ ತಂದನೆಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಮೂರನೇ ದಿನ ಮಧ್ಯಾಹ್ನ ಟಗರು ಕಂಡಿತು. ಕೊರಕಲಿನ ಆಚೆ ಮುನ್ನೂರು ಗಜ ದೂರದಲ್ಲಿ, ಸುಣ್ಣಕಲ್ಲಿನ ಚಪ್ಪಡಿಯ ಮೇಲೆ ಮಲಗಿ ಮೆಲುಕು ಹಾಕುತ್ತಿತ್ತು. ಸುತ್ತಿ ಬಂದ ಕೊಂಬು ಕೆನ್ನೆ ಮುಟ್ಟುವಂತಿತ್ತು. ಆರ್ಡೆತ್ ಬೋರಲು ಮಲಗಿ, ಕೋಲು ಊರಿ, ಬೆನ್ನುಚೀಲದ ಮೇಲಿನ ಜೇಬಿಗೆ ಕೈ ಹಾಕಿದಳು. ಜೇಬು ಖಾಲಿ. ಇನ್ನೊಂದು ಜೇಬೂ ಖಾಲಿ.

"ರೂಲನ್. ನನ್ ಚೀಲ ಎಲ್ಲಿ?"

"ಗಾಡೀಲಿದೆ. ಸೀಟಿನ ಕೆಳಗೆ," ಪಿಸುಗುಟ್ಟಿದ ರೂಲನ್. "ಬರೀ ಅದೊಂದೇ ಕೆಲಸ ಮಾಡೋ ಸಾಮಾನು ಯಾಕೆ ಅತ್ತಿಗೆ? ನಿಮ್ ಜಾಕೆಟ್ ಸುತ್ತಿ ಇಟ್ಕೊಳಿ, ಸಾಕು."

ಜಗಳಕ್ಕೆ ಹೊತ್ತಲ್ಲ. ಅವಳು ಜಾಕೆಟ್ ಕಳಚಿ ಸುತ್ತಿ ಇಟ್ಟಳು. ಅದು ಎಣ್ಣೆಯಲ್ಲಿ ಬಿಟ್ಟ ಪೂರಿಯಂತೆ ಉಬ್ಬಿಕೊಂಡಿತು. ಕೋವಿಯ ದುರ್ಬೀನಿನ ಗುರಿಗೆರೆ ಅವಳ ಎದೆಬಡಿತಕ್ಕೆ ತಕ್ಕಂತೆ ಟಗರಿನ ಹೆಗಲಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ಹೆಗಲಿಗೆ ಜೀಕತೊಡಗಿತು. ಅವಳು ಬೆರಳನ್ನು ಕೋವಿಯ ಟ್ರಿಗರಿನಿಂದ ತೆಗೆದಳು.

"ಹೊಡೀರಿ ಅತ್ತಿಗೆ! ಗೋಡೆಯಷ್ಟಗಲ ಇದೆ!"

"ಹೊಡೆಯಲ್ಲ."

"ಇಪ್ಪತ್ತೆರಡು ವರ್ಷ ಕಾದಿದೀರ!"

"ಕಾದೋಳು ನಾನು. ನೀನಲ್ಲ. ವಿಡಿಯೋ ಮಾಡೋಕೆ ಅಂತ ಆ ಮೂರು ಕಾಲಿನ ಸ್ಟ್ಯಾಂಡು, ಬ್ಯಾಟ್ರಿ ಎಲ್ಲಾ ಹೊತ್ಕೊಂಡು ಬಂದಿದೀಯಲ್ಲ, ಅದೆಷ್ಟು ತೂಕ?"

ರೂಲನ್ ಸ್ಟ್ಯಾಂಡನ್ನು ತನ್ನ ಬೆನ್ನ ಹಿಂದೆ ಸರಿಸಿದ.

"ಹೇಳೋ."

"ಹದಿನೆಂಟು ಔನ್ಸ್."

"ನಾನು ಹೊಡಿಯೋದು ಭಾರ, ನೀನು ಅದನ್ನ ಊರಿಗೆಲ್ಲ ತೋರ್ಸೋದು ಹಗುರ! ಬೂಟ್ ಬಿಚ್ಚು."

"ಏನು?"

"ಬೂಟ್ ಬಿಚ್ಚು, ಸಾಕ್ಸ್ ಕೊಡು. ನನ್ ಸಾಕ್ಸ್ ಬಿಚ್ಚೋಕೆ ನಾನು ಏಳ್ಬೇಕು, ಎದ್ರೆ ಅದು ನನ್ನ ನೋಡತ್ತೆ. ಬೇಗ!"

ರೂಲನ್ ಕೊರಕಲಿನ ಅಂಚಿನಲ್ಲಿ ಅಂಗಾತ ಮಲಗಿ, ಮೂರು ದಿನದಿಂದ ಬಿಚ್ಚದ ಬೂಟಿನ ದಾರ ಬಿಚ್ಚಿದ. ಸಾಕ್ಸಿನ ನಾತಕ್ಕೆ ಆರ್ಡೆತ್‌ಳ ಕಣ್ಣಲ್ಲಿ ನೀರು ಬಂತು. ಮಲಗಿದಲ್ಲಿಂದಲೇ ಒಂದೊಂದೇ ಹಿಡಿ ಸಣ್ಣ ಜಲ್ಲಿಯನ್ನು ಸದ್ದಾಗದಂತೆ ಅದಕ್ಕೆ ತುಂಬಿದಳು. ಎಂಟು ನಿಮಿಷ ಹಿಡಿಯಿತು. ಅಷ್ಟರಲ್ಲಿ ಟಗರು ಒಮ್ಮೆ ತಲೆ ಎತ್ತಿತು. ಇಬ್ಬರೂ ಕಲ್ಲಾದರು. ಅದು ಎದ್ದು, ಮೈ ಚಾಚಿ, ಅಡ್ಡಕ್ಕೆ ತಿರುಗಿ ನಿಂತಿತು. ಇನ್ನು ನಾಲ್ಕು ಹೆಜ್ಜೆಯಿಟ್ಟರೆ ದಿಣ್ಣೆಯ ಆಚೆ.

ಆರ್ಡೆತ್ ಸಾಕ್ಸನ್ನು ಕೋವಿಯ ಬುಡಕ್ಕೆ ತಳ್ಳಿ ಹಿಂಡಿದಳು. ಗೆರೆ ಇಳಿಯಿತು, ಹೆಗಲಿನ ಹಿಂದೆ ಬಂತು, ನಿಂತಿತು. ಈ ಸಲ ಅಲುಗಲಿಲ್ಲ. ಒಂದೇ ಗುಂಡು. ಟಗರು ನಿಂತಲ್ಲೇ ಕುಸಿಯಿತು.

ಆರ್ಡೆತ್ ಹಣೆಯನ್ನು ಕಲ್ಲಿಗೆ ಹಚ್ಚಿ ಮಲಗಿದ್ದಳು. ಪಕ್ಕದಲ್ಲಿ ಒಂದು ಬರಿಗಾಲು ಕುಪ್ಪಳಿಸುತ್ತಿತ್ತು.

"ನೋಡಿದ್ರಾ ಅತ್ತಿಗೆ? ಚೀಲ ಬೇಕೇ ಇರ್ಲಿಲ್ಲ!"

ಎರಡು ದಿನ ಇಳಿಯುವ ದಾರಿಯಲ್ಲಿ ಅವಳು ಅವನ ಜೊತೆ ಮಾತಾಡಲಿಲ್ಲ.

ಶನಿವಾರ ಬೆಳಿಗ್ಗೆ ಊರಿನ ಹೋಟೆಲಿನಲ್ಲಿ, ಬಿಸಿ ಬನ್ನಿನ ಮೇಲೆ ಬಿಳಿ ಗೊಜ್ಜು ಸುರಿದುಕೊಂಡು, ರೂಲನ್ ಎರಡು ಮೇಜು ಆಚೆಗೆ ಕೇಳುವಂತೆ ಕಥೆ ಹೇಳುತ್ತಿದ್ದ. ಅವನ ಕಥೆಯಲ್ಲಿ ಚೀಲ ಬಿಟ್ಟುಬಂದದ್ದು ಜಾಣತನ, ಸಾಕ್ಸು ಅವನದೇ ಉಪಾಯ. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಎದುರಿಗೆ ವರ್ಲ್‌ನ ಪಕ್ಕ ಕೂತಿದ್ದ ಆರ್ಡೆತ್ ಫೋರ್ಕನ್ನು ತಟ್ಟೆಯ ಮೇಲೆ ಇಟ್ಟಳು.

"ನೀನು ನನ್ನ ಕೇಳ್ದೆ ನನ್ ಸಾಮಾನು ತೆಗ್ದೆ. ಅದನ್ನೂ ಹೇಳು."

"ಹೋಗ್ಲಿ ಬಿಡು ಆರ್ಡೆತ್," ಎಂದ ಪಕ್ಕದ ಮೇಜಿನಲ್ಲಿದ್ದ, ಕುದುರೆಗಳಿಗೆ ಲಾಳ ಕಟ್ಟುವ ಮುದುಕ ಎಲ್ಡನ್. "ಟಗರು ಸಿಕ್ತಲ್ಲ?"

ಅಲ್ಲಿಗೆ ಅವಳ ಕಟ್ಟೆಯೊಡೆಯಿತು. ಎದ್ದು ನಿಂತಳು.

"ಸಿಕ್ಬಿಟ್ರೆ ಸರಿಹೋಯ್ತಾ? ಸೋಮವಾರ ನಾನು ಬ್ರೇಕ್ ಇಲ್ದಿರೋ ಬಸ್ಸಲ್ಲಿ ನಿಮ್ ಮಕ್ಕಳನ್ನ ಮನೆ ಮುಟ್ಟಿಸ್ತೀನಿ. ಮುಟ್ಟಿದ್ವಲ್ಲ, ಬ್ರೇಕ್ ಬೇಕೇ ಇರ್ಲಿಲ್ಲ ಅಂತೀರಾ? ಎಲ್ಡನ್, ನಿನ್ ಮೊಮ್ಮಗಳು ಮೂರನೇ ಸೀಟಲ್ಲಿ ಕೂರ್ತಾಳೆ. ಅವಳ ಬ್ರೇಕ್ ಎಷ್ಟು ಔನ್ಸ್ ಅಂತ ತೂಗ್ಲಾ? ಆ ಎಂಟು ನಿಮಿಷದಲ್ಲಿ ಟಗರು ನಾಲ್ಕು ಹೆಜ್ಜೆ ಇಟ್ಟಿದ್ರೆ ನಾನು ಬರಿಗೈಲಿ ಇಳೀತಿದ್ದೆ. ಆಗ ಇವ್ನೇ ಇಲ್ಲೇ ಕೂತ್ಕೊಂಡು, ಅತ್ತಿಗೆಗೆ ಧೈರ್ಯ ಸಾಲ್ಲಿಲ್ಲ ಅಂತ ಹೇಳ್ತಿದ್ದ. ಇಲ್ಲ ಅನ್ನು ನೋಡೋಣ, ರೂಲನ್. ಅನ್ನು!"

ರೂಲನ್ ಇಲ್ಲ ಅನ್ನಲಿಲ್ಲ. ಅವನ ಕಿವಿ ಕೆಂಪಾಗಿತ್ತು.

"ಕೇಳ್ಬೇಕಿತ್ತು, ಅತ್ತಿಗೆ," ಎಂದ, ತಟ್ಟೆಗೆ ಹೇಳಿದಂತೆ.

"ಹೌದು. ಕೇಳ್ಬೇಕಿತ್ತು."

ಅವಳು ಕೂತಳು. ಇಷ್ಟಕ್ಕೇ ಅವನನ್ನು ಕ್ಷಮಿಸಿದಳೆಂದು ಯಾರೂ ತಿಳಿಯಬಾರದು. ವರ್ಲ್ ಮೇಜಿನ ಕೆಳಗೆ ಅವಳ ಮಂಡಿ ತಟ್ಟಿದ. ಅವಳು ಅವನ ಕೈ ತೆಗೆದಿಟ್ಟು, ಹೋಟೆಲಿನ ಹುಡುಗಿಯನ್ನು ಕರೆದು, ಗೊಜ್ಜು ಆರಿಹೋಗಿದೆ, ಬೇರೆ ಬಿಸಿ ತಾ ಎಂದಳು.